ಕೆಲಸ ಹೋದರೆ ವಿಮೆಯೂ ಹೋಯಿತು

ನಮಸ್ಕಾರ. ಇವತ್ತು ಅಮೆರಿಕದ ಜೊತೆ ಸ್ವಲ್ಪ ಜಗಳ ಆಡೋಣ.

ಬೆಂಗಳೂರಿನಲ್ಲಿ ಅಮೆರಿಕದ ಮಾತು ಬಂದರೆ ಮೊದಲು ಬರುವುದು ಸಂಬಳ. ಯಾರದೋ ಮಗ ಡಲ್ಲಾಸ್‌ನಲ್ಲಿದ್ದಾನೆ. ಅವನ ಡಾಲರನ್ನು ರೂಪಾಯಿಗೆ ಗುಣಿಸಿ ಇಡೀ ನೆಂಟರಿಷ್ಟರು ಬಾಯಿ ಬಿಡುತ್ತಾರೆ. ಸರಿ, ಅಲ್ಲಿನ ತಲಾ ಜಿಡಿಪಿ 80,000 ಡಾಲರ್ ದಾಟಿದೆ. ಆದರೆ ಅದು ಸರಾಸರಿ, ಅಲ್ವಾ? ಅದೇ ದೇಶದಲ್ಲಿ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಿಂದ ಒಂದು ಸೆಂಟೂ ಏರಿಲ್ಲ. ಎಷ್ಟೋ ರಾಜ್ಯಗಳು ತಾವೇ ಜಾಸ್ತಿ ಮಾಡಿಕೊಂಡವು, ಟೆಕ್ಸಾಸ್ ಮಾಡಲಿಲ್ಲ. ಹೌದು, ಆ ಡಲ್ಲಾಸ್ ಇರುವ ಟೆಕ್ಸಾಸೇ. ಅಲ್ಲಿ ಹೋಟೆಲಿನಲ್ಲಿ ಬಡಿಸುವವರಿಗೆ ಮಾಲೀಕ 2.13 ಡಾಲರ್ ಕೊಟ್ಟು, ಉಳಿದದ್ದನ್ನು ಗಿರಾಕಿಗಳ ಟಿಪ್ಸ್ ಮೇಲೆ ಬಿಡಬಹುದು. ಈ ದರ 1991ರದ್ದು!

ಕೂಲಿಗಿಂತ ನನ್ನ ತಲೆ ಕೆಡಿಸುವುದು ಆಸ್ಪತ್ರೆ. 1942ರಲ್ಲಿ, ಯುದ್ಧದ ಕಾಲದಲ್ಲಿ, ಸಂಬಳ ಏರಿಸದಂತೆ ಸರ್ಕಾರ ಕಡಿವಾಣ ಹಾಕಿತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು ಆರೋಗ್ಯ ವಿಮೆ ಕೊಡತೊಡಗಿದವು. ಯುದ್ಧ ಮುಗಿಯಿತು, ಪದ್ಧತಿ ಉಳಿಯಿತು. ಹಾಗಾಗಿ ಇವತ್ತಿಗೂ ಅಲ್ಲಿ ಕೋಟಿಗಟ್ಟಲೆ ಜನರ ವಿಮೆ ಕೆಲಸಕ್ಕೆ ಅಂಟಿಕೊಂಡಿದೆ. ಲೇಆಫ್ ಆದರೆ ಹಳೇ ವಿಮೆಯನ್ನೇ ಸ್ವಲ್ಪ ಕಾಲ ಮುಂದುವರಿಸಬಹುದಂತೆ. ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ನೀವೇ ಕಟ್ಟಬೇಕು. ಸಂಬಳವೇ ಬರದ ತಿಂಗಳಲ್ಲಿ! ಇದನ್ನು ಯೋಚಿಸಿದ ಪುಣ್ಯಾತ್ಮ ಯಾರೋ. ಹೆರಿಗೆ ರಜೆಯೂ ಹೀಗೇ. 1993ರ ಕಾನೂನು 12 ವಾರ ಕೊಡುತ್ತದೆ, ಸಂಬಳ ಇಲ್ಲದೆ.

ನಮ್ಮಲ್ಲಿ 2017ರಿಂದ 26 ವಾರ, ಸಂಬಳದ ಜೊತೆ. ಸುಮ್ನೆ ಬೀಗಬೇಡಿ. ಬೆಳ್ಳಂದೂರಿನ ಅಪಾರ್ಟ್‌ಮೆಂಟಿನಲ್ಲಿ ರಜೆಯಲ್ಲಿರುವ ಇಂಜಿನಿಯರ್ ತಾಯಿಗೆ ಅದು ಸಿಗುತ್ತದೆ. ಅವರ ಮನೆಯಲ್ಲಿ ಪಾತ್ರೆ ತೊಳೆಯುವ ಬಸುರಿಗೆ ಸಿಗುವುದಿಲ್ಲ. ನಮ್ಮ ಐಟಿಯವರ ವಿಮೆಯೂ ಕಂಪನಿಯದ್ದೇ. ಐಡಿ ಕಾರ್ಡ್ ವಾಪಸ್ ಕೊಟ್ಟ ದಿನ ಅಪ್ಪ ಅಮ್ಮನ ವಿಮೆಯೂ ಮುಗಿಯುತ್ತದೆ. ಅಮೆರಿಕದಿಂದ ನಾವು ಕಲಿತದ್ದು ಇದನ್ನೇ ಅಂತ ಕಾಣುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಆಸೆ ಇದೆ. 2025ರಲ್ಲಿ ಕರ್ನಾಟಕ ಗಿಗ್ ಕೆಲಸಗಾರರಿಗಾಗಿ, ಅಂದರೆ ಆ್ಯಪ್ ಕಂಪನಿಗಳಿಗೆ ಬಿಡಿ ಬಿಡಿಯಾಗಿ ಕೆಲಸ ಮಾಡುವವರಿಗಾಗಿ, ಕಾನೂನು ಮಾಡಿತು. ಡೆಲಿವರಿ ಹುಡುಗನಿಗೆ ಕೊಡುವ ಹಣದ ಮೇಲೆ ಕಂಪನಿ ಶೇ. 1ರಿಂದ 5ರಷ್ಟನ್ನು ಕಲ್ಯಾಣ ನಿಧಿಗೆ ಕಟ್ಟಬೇಕು. ಆರ್ಡರ್ ಬೆಲೆ ಏರುತ್ತದೆ ಅಂತ ಗೊಣಗುವವರಿದ್ದಾರೆ. ಏರಲಿ ಬಿಡಿ. ಸಿಲ್ಕ್ ಬೋರ್ಡ್ ಹತ್ತಿರ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡವನ ಕೈಗೆ ಆ ದುಡ್ಡು ಎಷ್ಟು ದಿನಕ್ಕೆ ಸೇರುತ್ತದೆ ಅನ್ನುವುದಷ್ಟೇ ನನಗೆ ಬೇಕಾದ ಲೆಕ್ಕ.