ಸುಂಕದ ಗೋಡೆ, ಗೂಡಿನ ಬೆಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋದವರಿಗೆ ಈ ನೋಟ ಗೊತ್ತಿರುತ್ತದೆ. ಸಾಲಾಗಿ ಹರವಿದ ಗೂಡು. ಗೂಡಿನಿಂದ ನೂಲು ತೆಗೆಯುವ ರೀಲರು ಬಂದು ಒಂದು ಹಿಡಿ ಎತ್ತಿಕೊಳ್ಳುತ್ತಾರೆ, ಬೆರಳಲ್ಲಿ ಒತ್ತಿ ನೋಡುತ್ತಾರೆ. ರೈತ ಪಕ್ಕದಲ್ಲೇ ನಿಂತು ಅವರ ಮುಖವನ್ನೇ ನೋಡುತ್ತಿರುತ್ತಾನೆ. ಬೆಲೆ ಬರಲಿಲ್ಲ ಅಂತ ಗೂಡನ್ನು ಮನೆಗೆ ಒಯ್ದು ಇಟ್ಟುಕೊಳ್ಳುವ ಹಾಗಿಲ್ಲ. ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬಂದುಬಿಡುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲು ಆಗುವುದಿಲ್ಲ. ಅಂದಿನ ಬೆಲೆಗೇ ಕೊಡಬೇಕು.

ಆಮದು ಸುಂಕ ಅಂದರೆ ದೆಹಲಿಯ ಲೆಕ್ಕ, ನಮಗೇನು ಅನ್ನಿಸುತ್ತದೆ ಅಲ್ವಾ? 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕವನ್ನು ಶೇ. 30ರಿಂದ ಒಂದೇ ಸಲಕ್ಕೆ ಶೇ. 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾಯಿತು, ನಮ್ಮ ಗೂಡಿನ ಬೆಲೆ ಕುಸಿಯಿತು. ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಮತ್ತೆ ಶೇ. 15ಕ್ಕೆ ಏರಿತು.

ಹಾಗಂತ ಸುಂಕದ ಗೋಡೆ ಎತ್ತರವಾದಷ್ಟೂ ಒಳ್ಳೆಯದು ಅಂತ ನಾನು ಹೇಳಲಾರೆ. ಸೀರೆ ನೇಯುವವರ ಮಾತನ್ನೂ ಕೇಳಬೇಕು. ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆಗೆ ಒಂದೇ ಸಮನಾದ, ಗಟ್ಟಿ ನೂಲು ಬೇಕು. ನಡುವೆ ಎಳೆ ಕಡಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು, ಅಂದಿನ ಕೂಲಿ ಕಡಿಮೆಯಾಗುತ್ತದೆ. ಚೀನಾದ ಬೈವೋಲ್ಟೈನ್ ನೂಲನ್ನು, ಅಂದರೆ ಒಳ್ಳೆಯ ಎಳೆ ಕೊಡುವ ತಳಿಯ ಹುಳದ ನೂಲನ್ನು, ಅವರು ಕೇಳುವುದು ಇದಕ್ಕೇ. ನಮ್ಮಲ್ಲಿ ಮಿಶ್ರತಳಿಯ ಗೂಡೇ ಜಾಸ್ತಿ, ಅದರ ನೂಲು ಅಷ್ಟು ಸಮನಾಗಿರುವುದಿಲ್ಲ. ಸುಂಕ ಏರಿದರೆ ನೂಲಿನ ಬೆಲೆಯೂ ಏರುತ್ತದೆ, ಆ ಹೊರೆ ನೇಕಾರನ ಮೇಲೆ ಬೀಳುತ್ತದೆ.

ಹಾಗಾಗಿ ನನ್ನ ಮಾತು ಇಷ್ಟು. ರೈತನಿಗೆ ಸುಂಕದ ಆಸರೆ ಬೇಕು. ಅದರ ಜೊತೆಗೇ ಒಳ್ಳೆಯ ಬೈವೋಲ್ಟೈನ್ ಮೊಟ್ಟೆ, ನೂಲು ತೆಗೆಯುವ ಒಳ್ಳೆಯ ಯಂತ್ರ ಹಳ್ಳಿಗಳಿಗೆ ಬರಬೇಕು. ಸುಂಕ ಇಳಿಸುವುದೇ ಆದರೆ ವರ್ಷಗಳ ಮುಂಚೆ ಹೇಳಿ, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಹಿಪ್ಪುನೇರಳೆ ತೋಟ ಒಂದು ದಿನದಲ್ಲಿ ಬೆಳೆಯುವುದಲ್ಲ. ದೆಹಲಿಯಲ್ಲಿ ಬಜೆಟ್ ಓದುವ ಹೊತ್ತಿಗೆ ಇಲ್ಲಿ ಯಾರದೋ ಮನೆಯಲ್ಲಿ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಕಳೆದ ಹುಳ ಸರಸರ ಸೊಪ್ಪು ತಿನ್ನುತ್ತಿರುತ್ತದೆ. ಬೆಲೆ ಬಿತ್ತು ಅಂತ ಆ ಮನೆಯ ತಾಯಿಗೆ ಸೊಪ್ಪು ಹಾಕುವುದನ್ನು ನಿಲ್ಲಿಸಲು ಆಗುತ್ತದೆಯೇ?

ನಮಸ್ಕಾರ.