ಅಪ್ಪ ಜೈಲಿಗೆ ಹೋದ ಮೇಲೆ ಮಗನಿಗೆ ಏನಾಗುತ್ತದೆ?
(ಮಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯ ಮೇಲಿರುವ ಹಿರಿಯರೇ, ಎದುರಿಗೆ ಕೂತಿರುವ ವಿದ್ಯಾರ್ಥಿಗಳೇ, ಕೋರ್ಟಿನಿಂದ ಕಪ್ಪು ಕೋಟಿನಲ್ಲೇ ಬಂದು ಹಿಂದಿನ ಸಾಲು ಹಿಡಿದಿರುವ ವಕೀಲ ಮಿತ್ರರೇ, ನಮಸ್ಕಾರ.

ಸಂಘಟಕರು ಕೊಟ್ಟ ವಿಷಯ ದೊಡ್ಡದು: ಬದುಕಿನ ಅನುಭವಗಳು ಬೇರೆ ಬೇರೆ ಸಮಾಜಗಳಲ್ಲಿ ಜನರನ್ನು ಅಪರಾಧಕ್ಕೆ ಹೇಗೆ ದೂಡುತ್ತವೆ ಎಂಬುದು. ಒಂದು ಗಂಟೆಯಲ್ಲಿ ಪ್ರಪಂಚ ಸುತ್ತಿ ಬರುವುದು ಆಗುವ ಮಾತಲ್ಲ. ಅದಕ್ಕೆ ನಾನು ಒಂದೇ ಅನುಭವವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಮನೆಯ ಯಜಮಾನ ಜೈಲಿಗೆ ಹೋಗುತ್ತಾನೆ, ಮಕ್ಕಳು ಹೊರಗೆ ಉಳಿಯುತ್ತವೆ. ಆ ಮಕ್ಕಳ ಪಾಡು ಎಲ್ಲ ಊರಿನಲ್ಲೂ ಒಂದೇ ಆಗಿರುತ್ತದೆಯೇ?

ಇದನ್ನು ಕೂತು ಲೆಕ್ಕ ಹಾಕಿದವರಿದ್ದಾರೆ. 1961ರಲ್ಲಿ ದಕ್ಷಿಣ ಲಂಡನ್ನಿನ ಕೂಲಿಕಾರ ಬಡಾವಣೆಯೊಂದರಲ್ಲಿ ಡೊನಾಲ್ಡ್ ವೆಸ್ಟ್ ಎಂಬ ವಿದ್ವಾಂಸರು ಎಂಟು–ಒಂಬತ್ತು ವರ್ಷದ 411 ಹುಡುಗರನ್ನು ಗುರುತಿಸಿದರು. ಆಗ ಅವರಲ್ಲಿ ಯಾರೂ ಅಪರಾಧಿಗಳಲ್ಲ, ಬರೀ ಶಾಲೆಗೆ ಹೋಗುವ ಮಕ್ಕಳು. ವೆಸ್ಟ್ ಅವರ ನಂತರ ಡೇವಿಡ್ ಫ್ಯಾರಿಂಗ್ಟನ್ ಆ ಕೆಲಸವನ್ನು ದಶಕಗಟ್ಟಲೆ ಮುಂದುವರಿಸಿದರು. ಹುಡುಗರು ಅಪ್ಪಂದಿರಾದರು, ತಲೆ ಹಣ್ಣಾಯಿತು, ಪ್ರಶ್ನೆ ಕೇಳುವವರು ಬರುತ್ತಲೇ ಇದ್ದರು. ಐವತ್ತು ದಾಟುವಷ್ಟರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಒಂದಲ್ಲ ಒಂದು ಶಿಕ್ಷೆಯಾಗಿತ್ತು. ಹಾಗಂತ ಎಲ್ಲರೂ ಸಮಾನ ಅಪರಾಧಿಗಳಲ್ಲ. ದಾಖಲಾದ ಅಪರಾಧಗಳಲ್ಲಿ ಸುಮಾರು ಅರ್ಧದಷ್ಟು ಮಾಡಿದವರು ನೂರಕ್ಕೆ ಏಳು ಮಂದಿ ಮಾತ್ರ.

ಅತ್ತ ಸ್ವೀಡನ್ನಿನಲ್ಲಿ, 1953ರಲ್ಲಿ ಹುಟ್ಟಿ ಸ್ಟಾಕ್‌ಹೋಮಿನಲ್ಲಿ ಬೆಳೆದ 15,000ಕ್ಕೂ ಹೆಚ್ಚು ಮಕ್ಕಳ ದಾಖಲೆಗಳು ಇನ್ನೊಂದು ಅಧ್ಯಯನದಲ್ಲಿ ಇದ್ದವು. ಜೋಸೆಫ್ ಮರ್ರೆ ಮತ್ತು ಸಂಗಡಿಗರು 2007ರಲ್ಲಿ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಮೇಲ್ನೋಟಕ್ಕೆ ಎರಡೂ ಕಡೆ ಒಂದೇ ಕಥೆ: ಹೆತ್ತವರು ಜೈಲಿಗೆ ಹೋದ ಮಕ್ಕಳು ಮುಂದೆ ಹೆಚ್ಚು ತಪ್ಪು ಮಾಡಿದ್ದರು. “ನೋಡಿ, ರಕ್ತದಲ್ಲೇ ಉಂಟು” ಎನ್ನುವವರಿಗೆ ಇಷ್ಟೇ ಸಾಕು. ಆದರೆ ಮರ್ರೆ ಅಲ್ಲಿಗೆ ನಿಲ್ಲಿಸಲಿಲ್ಲ. ಇಬ್ಬರು ಅಪ್ಪಂದಿರು ಹೆಚ್ಚುಕಡಿಮೆ ಒಂದೇ ಪ್ರಮಾಣದ ಅಪರಾಧ ಮಾಡಿದ್ದಾರೆ, ಒಬ್ಬ ಜೈಲಿಗೆ ಹೋದ, ಇನ್ನೊಬ್ಬ ಹೋಗಲಿಲ್ಲ ಎಂದು ಇಟ್ಟುಕೊಳ್ಳಿ. ಅವರ ಮಕ್ಕಳಲ್ಲಿ ವ್ಯತ್ಯಾಸ ಕಾಣುತ್ತದೆಯೇ? ಲಂಡನ್ನಿನಲ್ಲಿ ಕಂಡಿತು. ಸ್ವೀಡನ್ನಿನಲ್ಲಿ ಅಳಿಸಿಹೋಯಿತು.

ಇದು ನನ್ನ ಮಟ್ಟಿಗೆ ಅಪರಾಧ ಶಾಸ್ತ್ರದ ಬಹಳ ಮುಖ್ಯವಾದ ಸಂಗತಿ, ಅದಕ್ಕೇ ಇಷ್ಟು ಹೊತ್ತು ತೆಗೆದುಕೊಂಡೆ. ಅಪ್ಪ ಸೆರೆಮನೆಗೆ ಹೋದದ್ದು ಎರಡೂ ಕಡೆ ನಿಜ. ಆದರೆ ಸ್ವೀಡನ್ನಿನಲ್ಲಿ ಶಿಕ್ಷೆಯ ಅವಧಿ ಚಿಕ್ಕದು, ಮನೆಯವರು ಭೇಟಿಯಾಗಲು ಅವಕಾಶ ಹೆಚ್ಚು, ಹಿಂದೆ ಉಳಿದವರ ಊಟ–ಬಾಡಿಗೆಗೆ ಸರ್ಕಾರದ ಆಸರೆ ಇತ್ತು, ನೆರೆಹೊರೆಯವರ ತಿರಸ್ಕಾರವೂ ಕಡಿಮೆ. ಇವೇ ಕಾರಣ ಇರಬಹುದು ಎಂಬುದು ಸಂಶೋಧಕರ ವಿವರಣೆ. ವಿವರಣೆ ಅಂದೆ, ರುಜುವಾತು ಅನ್ನಲಿಲ್ಲ. ವಕೀಲ ಮಿತ್ರರು ಗಮನಿಸಬೇಕು.

ಇನ್ನು ನಮ್ಮ ಮಂಗಳೂರಿನ ಜೈಲು ಇರುವ ಕೊಡಿಯಾಲ್‌ಬೈಲಿಗೆ ಬರೋಣ.

ಕಾನೂನು ನೆರವಿನ ಪ್ಯಾನಲ್‌ನಲ್ಲಿ ಇದ್ದಾಗ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬರುತ್ತಿದ್ದಳು. ಬೀಡಿ ಕಟ್ಟುವವಳು. ಬೆಳಿಗ್ಗೆ ಬ್ರಾಂಚಿಗೆ ಬೀಡಿ ಒಪ್ಪಿಸಿ, ಎಲೆ–ಹೊಗೆಸೊಪ್ಪಿನ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡೇ ಕೋರ್ಟಿಗೆ ಬರುವಳು. ಗಂಡನಿಗೆ ಜಾಮೀನು ಸಿಕ್ಕಿತ್ತು. ಆದೇಶ ಕೈಯಲ್ಲಿ ಉಂಟು, ಮನುಷ್ಯ ಮಾತ್ರ ಒಳಗೇ. ಕಾರಣ, ಜಾಮೀನು ನಿಲ್ಲುವವರು ಆರ್‌ಟಿಸಿ, ಅಂದರೆ ತಮ್ಮ ಹೆಸರಿನ ಜಮೀನಿನ ಪಹಣಿ, ತರಬೇಕು. “ನಮ್ಮದು ಐದು ಸೆಂಟ್ಸಿನ ಕಾಲೊನಿ ಮೇಡಂ. ಹಕ್ಕುಪತ್ರ ಉಂಟು. ಅದು ಆಗುದಿಲ್ವಾ?” ಎಂದು ಕೇಳುತ್ತಿದ್ದಳು. ಅವಳಿಗೆ ಗುರುತು ಇದ್ದವರೆಲ್ಲ ಅದೇ ಕಾಲೊನಿಯವರು, ಅವರ ಹತ್ತಿರವೂ ಅದೇ ಐದು ಸೆಂಟ್ಸ್. ಆರ್‌ಟಿಸಿ ಇರುವ ಒಬ್ಬರನ್ನು ಹೊಂದಿಸುವಷ್ಟರಲ್ಲಿ ವಾರಗಳು ಹೋದವು. ಆ ವಾರಗಳಲ್ಲಿ ದೊಡ್ಡ ಮಗ ಶಾಲೆ ಬಿಟ್ಟು ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕುವ ಕೆಲಸಕ್ಕೆ ಸೇರಿದ್ದ. ಒಂಬತ್ತನೇ ಕ್ಲಾಸು. “ಅಪ್ಪ ಬಂದ ಮೇಲೆ ಹೋಗ್ತಾನಂತೆ” ಅಂದಳು. ಅಪ್ಪ ಬಂದ. ಅವನು ಶಾಲೆಗೆ ವಾಪಸ್ ಹೋಗಲಿಲ್ಲ.

ಅವನು ಅಪರಾಧಿಯಾದನೇ ಎಂದು ನೀವು ಕೇಳಬಹುದು. ಇಲ್ಲ, ಆಗಲಿಲ್ಲ. ಈಗಲೂ ಇಂಟರ್‌ಲಾಕ್ ಹಾಕುತ್ತಾನೆ. ಆದರೆ ಅವನ ಮುಂದಿದ್ದ ದಾರಿಗಳಲ್ಲಿ ಕೆಲವನ್ನು ನಾವೇ ಮುಚ್ಚಿದೆವು, ಅದೂ ತೀರ್ಪು ಬರುವ ಮೊದಲೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶ ನೋಡಿ: ದೇಶದ ಜೈಲುಗಳಲ್ಲಿರುವ ನೂರು ಮಂದಿಯಲ್ಲಿ 75ಕ್ಕೂ ಹೆಚ್ಚು ಜನ ವಿಚಾರಣಾಧೀನ ಕೈದಿಗಳು. ಅಂದರೆ ನಮ್ಮಲ್ಲಿ ಮಕ್ಕಳ ಬದುಕಿಗೆ ಏಟು ಬೀಳುವುದಕ್ಕೆ ಅಪ್ಪನ ಅಪರಾಧ ಸಾಬೀತಾಗಲೇಬೇಕು ಎಂದಿಲ್ಲ.

ಬಾಲ್ಯ ಕೆಟ್ಟಿತು, ಆದ್ದರಿಂದ ಮನುಷ್ಯ ಕೆಟ್ಟ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಬಾಸ್ಟನ್ ನಗರದ ಒಂದು ಅಧ್ಯಯನ ಸಾಕು. ಶೆಲ್ಡನ್ ಮತ್ತು ಎಲೀನರ್ ಗ್ಲೂಕ್ ದಂಪತಿ ಸುಧಾರಣಾ ಶಾಲೆಗಳಲ್ಲಿದ್ದ 500 ಹುಡುಗರನ್ನೂ ಅದೇ ವಯಸ್ಸಿನ, ಅದೇ ಬಗೆಯ ಬಡ ಬಡಾವಣೆಗಳ ತಂಟೆಯಿಲ್ಲದ 500 ಹುಡುಗರನ್ನೂ ಹೋಲಿಸಿ 1950ರಲ್ಲಿ ಪ್ರಕಟಿಸಿದರು. ಆ ಕಾಗದಗಳು ಆಮೇಲೆ ಹಾರ್ವರ್ಡ್ ಕಾನೂನು ಶಾಲೆಯ ನೆಲಮಾಳಿಗೆಯಲ್ಲಿ ಪೆಟ್ಟಿಗೆಗಳೊಳಗೆ ಬಿದ್ದಿದ್ದವು. 1980ರ ದಶಕದಲ್ಲಿ ಜಾನ್ ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಧೂಳು ಕೊಡವಿ ಅವನ್ನು ಹೊರತೆಗೆದರು. ಸುಧಾರಣಾ ಶಾಲೆಯ ಗುಂಪಿನಿಂದ 52 ಮಂದಿಯನ್ನು, ಎಪ್ಪತ್ತರ ಹತ್ತಿರ ಬಂದ ಮುದುಕರನ್ನು, ಹುಡುಕಿ ಮಾತಾಡಿಸಿದರು.

ಬಾಲ್ಯದ ಕಾಗದ ಓದಿ ಯಾರು ಕೊನೆಯವರೆಗೂ ಕಳ್ಳನಾಗಿ ಉಳಿಯುತ್ತಾನೆ ಎಂದು ಹೇಳಲು ಅವರಿಗೆ ಸಾಧ್ಯವಾಗಲಿಲ್ಲ. ಹೊಡೆಯುವ ಅಪ್ಪ, ಕುಡಿತದ ಮನೆ, ಶಾಲೆಯಿಂದ ಹೊರಗೆ: ಇಷ್ಟೆಲ್ಲ ಸಮಾನವಾಗಿದ್ದವರಲ್ಲೂ ಹಲವರು ಇಪ್ಪತ್ತು–ಮೂವತ್ತರ ನಡುವೆ ಅಪರಾಧದ ದಾರಿಯಿಂದ ತಿರುಗಿಕೊಂಡಿದ್ದರು. ತಿರುಗಿಸಿದ್ದು ಒಂದು ಕಾಯಂ ಕೆಲಸ, ಒಂದು ಗಟ್ಟಿ ಮದುವೆ, ಇಲ್ಲವೇ ಸೈನ್ಯ. ಎರಡನೇ ಮಹಾಯುದ್ಧದಿಂದ ಮರಳಿದವರಿಗೆ ಅಮೆರಿಕ ಸರ್ಕಾರ ಓದಲು, ಮನೆ ಕಟ್ಟಲು ನೆರವು ಕೊಟ್ಟಿತಲ್ಲ, ಈ ಹುಡುಗರಲ್ಲೂ ಕೆಲವರಿಗೆ ಅದು ಕೈಗೆ ಸಿಕ್ಕಿತು. ಇನ್ನೊಂದು ಮಾತನ್ನೂ ಅವರು ತೋರಿಸಿದರು. ಚಿಕ್ಕ ವಯಸ್ಸಿನಲ್ಲಿ ಜೈಲಿನಲ್ಲಿ ಕಳೆದ ಕಾಲ ಹೆಚ್ಚಾದಷ್ಟೂ ಮುಂದೆ ಕೆಲಸದಲ್ಲಿ ನಿಲ್ಲುವುದು ಕಷ್ಟವಾಗಿತ್ತು.

ಇದನ್ನು ಓದುವಾಗ ನನಗೆ ಮುಂಬೈ ನೆನಪಾಗುತ್ತದೆ. ನಮ್ಮ ಕರಾವಳಿಯಲ್ಲಿ ಮುಂಬೈ ರೈಲು–ಬಸ್ಸು ಹತ್ತಿದವರಿಲ್ಲದ ಮನೆ ಯಾವುದುಂಟು ಮಾರಾಯ್ರೆ? ಹನ್ನೆರಡು–ಹದಿಮೂರರ ಹುಡುಗರು, ಗೇಣಿಯ ಗದ್ದೆ ಕಳೆದುಕೊಂಡ ಮನೆಯವರು, ಅಪ್ಪ ತೀರಿಕೊಂಡವರು, ಒಂದು ಚಡ್ಡಿ ಒಂದು ಅಂಗಿಯಲ್ಲಿ ಹೋಗಿ ಹೋಟೆಲಿನಲ್ಲಿ ಮಾಣಿಗಳಾದರು. ಟೇಬಲ್ ಒರೆಸಿ, ರಾತ್ರಿ ಅದೇ ಟೇಬಲಿನ ಮೇಲೆ ಮಲಗಿದರು. ಯಾವ ಪಾಠಪುಸ್ತಕ ತೆರೆದರೂ ಅಪರಾಧಕ್ಕೆ ಬೇಕಾದ ಎಲ್ಲ ಲಕ್ಷಣಗಳೂ ಈ ಬದುಕಿನಲ್ಲಿವೆ: ಬಡತನ, ಹೆತ್ತವರಿಲ್ಲದ ಊರು, ಬೀದಿಯ ಸಹವಾಸ. ಬೆರಳೆಣಿಕೆಯ ಕೆಲವರು ಆ ದಾರಿಯಲ್ಲಿ ಹೋದರು, ಅವರ ಹೆಸರು ಪೇಪರಿನಲ್ಲಿ ಬಂದದ್ದು ನಿಮಗೆಲ್ಲ ಗೊತ್ತು. ಮಿಕ್ಕವರು ಬ್ಯಾಂಕ್ ಅಧಿಕಾರಿಗಳಾದರು, ವಕೀಲರಾದರು, ಹೋಟೆಲ್ ಧನಿಗಳಾದರು.

ನಡುವೆ ಇದ್ದದ್ದು ಕನ್ನಡ ರಾತ್ರಿ ಶಾಲೆ. ಫೋರ್ಟ್ ಪ್ರದೇಶದಲ್ಲಿ ಆ ಶಾಲೆಗಳು ಸಂಜೆ ಬಾಗಿಲು ತೆರೆಯುತ್ತಿದ್ದವು. ಜಾತಿ ಸಂಘಗಳು, ಊರಿನ ಹಿರಿಯರು, ಕೆಲವು ಹೋಟೆಲ್ ಧನಿಗಳು ಸೇರಿ ನಡೆಸಿದ ವ್ಯವಸ್ಥೆ ಅದು. ಜಾತಿ ಸಂಘಗಳ ಬಗ್ಗೆ ನನಗೆ ಬೇರೆ ತಕರಾರುಗಳಿವೆ, ಇವತ್ತು ಅವು ಬೇಡ. ಹುಡುಗ ಕ್ಲಾಸಿಗೆ ಬರಲಿಲ್ಲ ಎಂದರೆ “ಯಾಕೆ ಬರಲಿಲ್ಲ” ಎಂದು ಕೇಳುವ ಒಬ್ಬ ಮಾಸ್ತರು ಆ ದೊಡ್ಡ ಶಹರಿನಲ್ಲಿ ಇದ್ದರು. ಬಾಸ್ಟನ್ನಿನ ಮುದುಕರೂ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ, ತಮ್ಮ ಮೇಲೆ ಒಂದು ಕಣ್ಣಿಟ್ಟವರು ಇದ್ದರು ಎಂದು.

ಅದೇ ಮುಂಬೈಯಲ್ಲಿ ಇನ್ನೊಂದು ಕಥೆಯೂ ನಡೆಯಿತು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದು ಗೆಲ್ಲಲೇ ಇಲ್ಲ, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಪ್ಪ ಗಿರಣಿಗೆ, ಮಗನೂ ಗಿರಣಿಗೆ ಎನ್ನುವ ನಂಬಿಕೆಯ ಮೇಲೆ ನಿಂತಿದ್ದ ಪರೇಲ್–ಲಾಲ್‌ಬಾಗ್ ಚಾಳುಗಳಿಂದ ಕೆಲವು ಹುಡುಗರು ಗ್ಯಾಂಗುಗಳಿಗೆ ಸೇರಿದರು. ಆ ಮನೆಗಳಲ್ಲಿ ಅಪ್ಪ–ಅಮ್ಮ ಇದ್ದರು, ಹಬ್ಬ–ಹರಿದಿನ ಇತ್ತು, ಬಾಲ್ಯ ಕೆಟ್ಟಿರಲಿಲ್ಲ. ಹದಿನೆಂಟಕ್ಕೆ ಸಿಗಬೇಕಾದ ಕೆಲಸ ಇಲ್ಲವಾಗಿತ್ತು. ಲಂಡನ್ನಿನ ಹುಡುಗರ ವಿಷಯದಲ್ಲೂ ಫ್ಯಾರಿಂಗ್ಟನ್ ಕಂಡದ್ದು ಇದನ್ನೇ: ಅದೇ ಹುಡುಗ ಕೆಲಸವಿಲ್ಲದ ತಿಂಗಳುಗಳಲ್ಲಿ, ಕೆಲಸವಿದ್ದ ತಿಂಗಳುಗಳಿಗಿಂತ ಹೆಚ್ಚು ಕಳವು ಮಾಡುತ್ತಿದ್ದ.

ಈಗಿನ ನಮ್ಮ ಹುಡುಗರಿಗೆ ಮುಂಬೈ ಬದಲು ಗಲ್ಫ್. ಐಟಿಐ ಮುಗಿಸಿದ ಹತ್ತೊಂಬತ್ತರ ಹುಡುಗ ಕಬಡ್ಡಿ ಪಂದ್ಯದ ಗಲಾಟೆಯಲ್ಲಿ ನಾಲ್ಕನೇ ಆರೋಪಿ ಆಗುತ್ತಾನೆ ಅಂತಿಟ್ಟುಕೊಳ್ಳಿ. ಕೇಸು ಮುಗಿಯಲು ವರ್ಷಗಳು. ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟಿಗೆ ಕೋರ್ಟಿನ ಅನುಮತಿ ಬೇಕು. ಕುವೈತಿನ ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ಅವನ ಜೊತೆಯವರು ವಿಮಾನ ಹತ್ತುತ್ತಾರೆ, ಇವನು ತಾರೀಕಿಗೆ ಕೋರ್ಟಿಗೆ ಹೋಗುತ್ತಾನೆ. ಇನ್ನೊಂದು ಗಲಾಟೆಯಾದರೆ ರೌಡಿ ಶೀಟ್ ತೆರೆಯಬಹುದು, ಅದಕ್ಕೆ ಶಿಕ್ಷೆಯಾಗಿರಬೇಕೆಂದೂ ಇಲ್ಲ. ಮತ್ತೆ ಚುನಾವಣೆ ಬಂತೆಂದರೆ, ಹಬ್ಬ ಬಂತೆಂದರೆ ಠಾಣೆಯಿಂದ ಫೋನು, ಪೆರೇಡು, ಪೇಪರಿನಲ್ಲಿ ಫೋಟೋ. ಅವನಿಗೆ ಊರಿನಲ್ಲಿ ಕೆಲಸ ಕೊಡುವವರು ಕಡಿಮೆ, “ಬಾ ತಮ್ಮಾ, ನಮ್ಮೊಟ್ಟಿಗಿರು” ಎಂದು ಕರೆಯುವವರು ಮಾತ್ರ ಬೇರೆಯೇ ಜನ. ಪೊಲೀಸರ ಕಷ್ಟ ನನಗೆ ಗೊತ್ತು, ನಾಳೆ ಹೆಣ ಬಿದ್ದರೆ ಕೇಳುವುದು ಅವರನ್ನೇ. ಆದರೆ ಹತ್ತೊಂಬತ್ತರವನಿಗೂ ನಲವತ್ತರವನಿಗೂ ಒಂದೇ ಶೀಟು ಎನ್ನುವುದರಲ್ಲಿ ನನಗೆ ಬುದ್ಧಿವಂತಿಕೆ ಕಾಣುವುದಿಲ್ಲ.

ಇಂಥ ಬಾಗಿಲು ಮುಚ್ಚುವ ಕೆಲಸವನ್ನು ಒಂದು ದೇಶವೇ ಮಾಡಿದರೆ ಹೇಗಿರುತ್ತದೆ? ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶದಲ್ಲಿ 1980ರಿಂದ 1992ರವರೆಗೆ ಅಂತರ್ಯುದ್ಧ. ಓಡಿಬಂದ ಕುಟುಂಬಗಳು ಲಾಸ್ ಏಂಜಲೀಸ್ ಸೇರಿದವು. ಅಲ್ಲಿನ ಬೀದಿಗಳಲ್ಲಿ ಹಳೆಯ ಗ್ಯಾಂಗುಗಳು ಇವರ ಮಕ್ಕಳನ್ನು ಹೊಡೆದವು, ಮಕ್ಕಳು ತಮ್ಮದೇ ಗ್ಯಾಂಗು ಕಟ್ಟಿದರು, ಎಂಎಸ್–13 ಹುಟ್ಟಿದ್ದು ಹಾಗೆ. 1990ರ ದಶಕದಲ್ಲಿ ಅಮೆರಿಕ ಅವರನ್ನು ಹಿಡಿದು ಎಲ್ ಸಾಲ್ವಡಾರ್‌ಗೆ ಗಡೀಪಾರು ಮಾಡಿತು. ಎಳವೆಯಲ್ಲೇ ಬಿಟ್ಟುಬಂದ ದೇಶ, ಯುದ್ಧದಿಂದ ಜರ್ಜರಿತ, ಕೆಲಸವಿಲ್ಲ. ಅವರಿಗೆ ಗೊತ್ತಿದ್ದ ಸಂಘಟನೆ ಒಂದೇ. 2022ರ ಮಾರ್ಚಿನಲ್ಲಿ ಅಲ್ಲಿನ ಸರ್ಕಾರ ತುರ್ತು ಸ್ಥಿತಿ ಘೋಷಿಸಿ 75,000ಕ್ಕೂ ಹೆಚ್ಚು ಜನರನ್ನು ಒಳಗೆ ಹಾಕಿತು. ಕೊಲೆಗಳು ತೀವ್ರವಾಗಿ ಇಳಿದವು, ಜನ ಸಂಜೆ ಹೊರಗೆ ಓಡಾಡುವಂತಾಯಿತು. ಇದನ್ನು ಅಲ್ಲಗಳೆದರೆ ಅಪ್ರಾಮಾಣಿಕತೆ. ಆದರೆ ಲಂಡನ್–ಸ್ಟಾಕ್‌ಹೋಮ್ ಹೋಲಿಕೆ ಓದಿದವಳಿಗೆ ಕಣ್ಣು ಹೋಗುವುದು ಬೇರೆಡೆ: ಆ ಮುಕ್ಕಾಲು ಲಕ್ಷ ಜನರ ಮಕ್ಕಳು ಈಗ ಯಾವ ಕ್ಲಾಸಿನಲ್ಲಿದ್ದಾರೆ?

ಜಪಾನಿನದು ತಿರುವುಮುರುವು. ಅಲ್ಲಿ ಅಪರಾಧ ಕಡಿಮೆ, ಯುವಕರ ಅಪರಾಧ ಬಹಳ ವರ್ಷ ಇಳಿಯುತ್ತ ಬಂದಿತ್ತು. ಆದರೆ ಜೈಲುಗಳಲ್ಲಿ ಅಜ್ಜ–ಅಜ್ಜಿಯರು. ಅರವತ್ತೈದು ದಾಟಿದ ಹೆಂಗಸರಲ್ಲಿ ಹೆಚ್ಚಿನವರು ಒಳಗಿರುವುದು ಅಂಗಡಿಯಲ್ಲಿ ಸಣ್ಣಪುಟ್ಟ ಸಾಮಾನು ಕದ್ದದ್ದಕ್ಕೆ. ಬಡತನ ಒಂದು ಕಾರಣ, ಯಾರೂ ಇಲ್ಲದಿರುವುದು ಇನ್ನೊಂದು. ಜೈಲಿನಲ್ಲಾದರೂ ಮಾತಾಡಲು ಜನ ಇದ್ದಾರೆ ಎಂದವರಿದ್ದಾರೆ. ಮಕ್ಕಳೆಲ್ಲ ಪರದೇಶದಲ್ಲಿರುವ ಉಡುಪಿ–ಮಂಗಳೂರಿನ ದೊಡ್ಡ ಮನೆಗಳು ಇದನ್ನು ಸ್ವಲ್ಪ ಯೋಚಿಸಬೇಕು. ಅದೇ ಜಪಾನಿನಲ್ಲಿ ಬಿಡುಗಡೆಯಾದವರನ್ನು ತಮ್ಮ ಮನೆಗೇ ಕರೆದು ಚಹಾ ಕೊಟ್ಟು ಮಾತಾಡಿಸುವ ಸ್ವಯಂಸೇವಕರು 40,000ಕ್ಕೂ ಹೆಚ್ಚು ಇದ್ದಾರೆ, ಸಂಬಳವಿಲ್ಲದೆ.

ನಮ್ಮ ಚರಿತ್ರೆಯಲ್ಲಂತೂ ಅನುಭವ ಬರುವ ಮೊದಲೇ ಅಪರಾಧಿ ಎಂದು ಬರೆದಿಟ್ಟದ್ದುಂಟು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ನೋಂದಾಯಿಸಿತು. ಹುಬ್ಬಳ್ಳಿಗೆ ಹೋದರೆ ಸೆಟ್ಲ್‌ಮೆಂಟ್ ಎಂಬ ಬಡಾವಣೆ ಈಗಲೂ ಇದೆ, ಆ ಕಾಲದ ಗುರುತು. 1952ರ ಆಗಸ್ಟ್‌ನಲ್ಲಿ ಪಟ್ಟಿ ರದ್ದಾಯಿತು, ಸಂಶಯ ರದ್ದಾಗಲಿಲ್ಲ. ಜೈಲಿನ ನಿಯಮಾವಳಿಗಳಲ್ಲಿ ಉಳಿದುಕೊಂಡಿದ್ದ ಜಾತಿಯ ಕೆಲಸ ಹಂಚಿಕೆಯನ್ನು ಸುಪ್ರೀಂ ಕೋರ್ಟ್ ಅಸಾಂವಿಧಾನಿಕ ಎಂದದ್ದು 2024ರ ಅಕ್ಟೋಬರಿನಲ್ಲಿ.

ನಡುವೆ ಒಂದು ಮಾತು. ನಾನು ಹೇಳಿದ ಅಧ್ಯಯನಗಳೆಲ್ಲ ಬಡ ಹುಡುಗರ ಬೆನ್ನು ಹತ್ತಿದವೇ ಹೆಚ್ಚು. ಬ್ಯಾಂಕುಗಳ ತೊಟ್ಟಿಲು ಎನಿಸಿಕೊಂಡ ಈ ಜಿಲ್ಲೆಯಲ್ಲಿ ಒಳ್ಳೆ ಬಾಲ್ಯ, ಒಳ್ಳೆ ಶಾಲೆ ಎಲ್ಲ ಇದ್ದವರ ವಂಚನೆಗಳನ್ನೂ ಕಂಡಿದ್ದೇವೆ. ಅವರ ಬಾಲ್ಯದ ಬಗ್ಗೆ ಯಾರೂ ಪುಸ್ತಕ ಬರೆಯುವುದಿಲ್ಲ.

ಈಗ ವಿದ್ಯಾರ್ಥಿಗಳಿಗೆ ಕೆಲಸದ ಮಾತು. 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆಯನ್ನು ಓದಿ, ತಪ್ಪು ಮಾಡಿದವನನ್ನು ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುವುದೇ ಪ್ರೊಬೇಷನ್, ಅದರಲ್ಲೂ 12ನೇ ಸೆಕ್ಷನ್: ಪ್ರೊಬೇಷನ್ ಮೇಲೆ ಬಿಟ್ಟವನಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ. ಮೊದಲ ಬಾರಿ ತಪ್ಪು ಮಾಡಿದ ಹುಡುಗನ ಪರ ಇದನ್ನು ಕೇಳುವ ವಕೀಲರು ತೀರಾ ಕಡಿಮೆ. ಕ್ರಿಮಿನಲ್ ಕೇಸು ನಡೆಸುವ ಕ್ರಮವನ್ನು ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಶಿಕ್ಷೆಯಾಗದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೆ ಇದು ಇಲ್ಲ. ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ನನ್ನೂ ಜೊತೆಗೆ ಇಟ್ಟುಕೊಳ್ಳಿ, ಹದಿನೆಂಟರ ಕೆಳಗಿನ ಮಕ್ಕಳ ದಾಖಲೆ ನಾಶ ಮಾಡುವ ಮಾತು ಅಲ್ಲಿದೆ, ಕೆಲವು ಅಪವಾದಗಳೊಂದಿಗೆ. ಕೊಡಿಯಾಲ್‌ಬೈಲಿನ ಜೈಲಿಗೂ ಕೋರ್ಟಿಗೂ ನಡೆದು ಹೋಗುವಷ್ಟೇ ದೂರ. ಜಾಮೀನು ಆದೇಶವಾಗಿಯೂ ಆರ್‌ಟಿಸಿ ಇಲ್ಲದೆ ಒಳಗೆ ಉಳಿದವರ ಪಟ್ಟಿ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಿಗುತ್ತದೆ. ಜಾಗ ಇರುವವರು, ಜಾಮೀನು ನಿಲ್ಲಲು ಮನಸ್ಸಿರುವವರು ಸಭೆ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ. ಮಾತಾಡೋಣ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.