ಡಿಲೀಟ್ ಆದ ಮೆಸೇಜ್ ವಾಪಸ್ ತರೋದು ಹೇಗೆ? ಹುಡುಕಬೇಕಾದ ಜಾಗ, ಹುಡುಕಬಾರದ ಜಾಗ

ನಮಸ್ಕಾರ. ಬೇಕಾಗಿದ್ದ ಎಸ್ಎಂಎಸ್, ಅಥವಾ ಆ್ಯಪಲ್ ಸಾಧನಗಳ ನಡುವೆ ಇಂಟರ್ನೆಟ್ ಮೂಲಕ ಹೋಗುವ ಐಮೆಸೇಜ್, ಈಗಷ್ಟೇ ಡಿಲೀಟ್ ಆಗಿ, ಆ ಗಾಬರಿಯಲ್ಲೇ ಈ ವಿಡಿಯೋ ಹಾಕಿಕೊಂಡಿದ್ದರೆ ಮಿಕ್ಕ ಮಾತೆಲ್ಲ ಆಮೇಲೆ. ಮೊದಲು ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಕೆಲವು ಫೋನ್‌ಗಳಲ್ಲಿ ಏರೋಪ್ಲೇನ್ ಮೋಡ್ ಹಾಕಿದರೂ ವೈಫೈ ಹಾಗೇ ಉಳಿದಿರುತ್ತೆ, ಅದನ್ನು ಬೇರೆಯಾಗಿ ಆಫ್ ಮಾಡಿ. ಇದೇ ಫೋನಲ್ಲಿ ವಿಡಿಯೋ ನೋಡ್ತಾ ಇದ್ದರೆ ಮುಂದಿನದನ್ನು ಇನ್ನೊಂದು ಫೋನಲ್ಲಿ ನೋಡಿ.

ಇಷ್ಟು ಅವಸರ ಯಾಕೆ ಅಂದರೆ, ಆಂಡ್ರಾಯ್ಡ್‌ನಲ್ಲಿ ಗೂಗಲ್ ಬ್ಯಾಕಪ್ ತಾನಾಗಿಯೇ ನಡೆಯುತ್ತೆ. ಫೋನ್ ಚಾರ್ಜಿನಲ್ಲಿರಬೇಕು, ವೈಫೈ ಇರಬೇಕು, ಎರಡು ಗಂಟೆ ಯಾರೂ ಮುಟ್ಟದೆ ಸುಮ್ಮನಿರಬೇಕು. ಈ ಮೂರೂ ಕೂಡಿಬರೋದು ರಾತ್ರಿ ನಾವು ಮಲಗಿದ ಮೇಲೆ. ಐಫೋನೂ ಹಾಗೇ: ಚಾರ್ಜು, ವೈಫೈ, ಲಾಕ್ ಆದ ಪರದೆ. ನಿನ್ನೆ ರಾತ್ರಿಯ ಬ್ಯಾಕಪ್‌ನಲ್ಲಿ ನಿಮ್ಮ ಮೆಸೇಜ್ ಇನ್ನೂ ಕೂತಿರಬಹುದು. ಇವತ್ತು ರಾತ್ರಿ ಮಾಮೂಲಿನಂತೆ ಚಾರ್ಜಿಗೆ ಹಾಕಿ ಮಲಗಿದರೆ, ಮೆಸೇಜ್ ಇಲ್ಲದ ಹೊಸ ಬ್ಯಾಕಪ್ ಅದರ ಮೇಲೆ ಕೂರುತ್ತೆ. ಚಾರ್ಜ್ ಮಾಡಲೇಬೇಕಾದರೆ ವೈಫೈ ಆಫ್ ಇದೆಯಾ ಅಂತ ಎರಡೆರಡು ಸಲ ನೋಡಿ ಹಾಕಿ.

ಇನ್ನು, ಡಿಲೀಟ್ ಆದದ್ದು ನಿಜವಾಗಿಯೂ ಡಿಲೀಟ್ ಆಗಿದೆಯಾ ಅಂತ ನೋಡೋಣ. ಗೂಗಲ್ ಮೆಸೇಜಸ್ ಆ್ಯಪ್‌ನಲ್ಲಿ ಒಂದು ಸಂಭಾಷಣೆಯನ್ನು ಬೆರಳಲ್ಲಿ ಪಕ್ಕಕ್ಕೆ ಸರಿಸಿದರೆ ಅದು ಸಾಮಾನ್ಯವಾಗಿ ಆರ್ಕೈವ್‌ಗೆ ಹೋಗುತ್ತೆ, ಅಳಿಯೋದಿಲ್ಲ. ಮೇಲಿರುವ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಆರ್ಕೈವ್ಡ್ ನೋಡಿ. ಅಲ್ಲೇ ಸ್ಪ್ಯಾಮ್ ಅಂಡ್ ಬ್ಲಾಕ್ಡ್ ಅಂತಲೂ ಇದೆ, ಅದನ್ನೂ ತೆಗೆದು ನೋಡಿ. ಕಳೆದೇಹೋಯ್ತು ಅಂದುಕೊಂಡ ಎಷ್ಟೋ ಮೆಸೇಜ್ ಈ ಎರಡು ಜಾಗದಲ್ಲೇ ಸಿಗುತ್ತೆ. ಸ್ಯಾಮ್‌ಸಂಗ್‌ನ ಸ್ವಂತ ಮೆಸೇಜಸ್ ಆ್ಯಪ್ ಬಳಸುವವರು ಮೂರು ಚುಕ್ಕಿ ಒತ್ತಿ ಟ್ರ್ಯಾಶ್ ಅಥವಾ ರೀಸೈಕಲ್ ಬಿನ್ ನೋಡಬೇಕು. ಅಲ್ಲಿ 30 ದಿನ ಇರುತ್ತೆ. ಮೆಸೇಜ್ ಒತ್ತಿಹಿಡಿದು ರಿಸ್ಟೋರ್ ಕೊಟ್ಟರೆ ಅದರ ಹಳೆಯ ಜಾಗಕ್ಕೇ ಬಂದು ಕೂರುತ್ತೆ.

ಐಫೋನ್‌ನಲ್ಲಿ ಈ ಸೌಲಭ್ಯ ಬಂದದ್ದು 2022ರಲ್ಲಿ, ಐಓಎಸ್ 16ರ ಜೊತೆ. ಮೆಸೇಜಸ್ ತೆರೆದು, ಸಂಭಾಷಣೆಗಳ ಪಟ್ಟಿಯ ಮೇಲ್ಭಾಗದಲ್ಲಿ ಎಡಿಟ್ ಅಥವಾ ಫಿಲ್ಟರ್ಸ್ ಒತ್ತಿ, ರೀಸೆಂಟ್ಲಿ ಡಿಲೀಟೆಡ್‌ಗೆ ಹೋಗಿ. ಪ್ರತಿ ಸಂಭಾಷಣೆಯ ಪಕ್ಕದಲ್ಲಿ ಇನ್ನೆಷ್ಟು ದಿನ ಬಾಕಿ ಅಂತ ಕಾಣುತ್ತೆ. ಬೇಕಾದ್ದನ್ನು ಆರಿಸಿ ರಿಕವರ್ ಒತ್ತಿ. ಲೆಕ್ಕಕ್ಕೆ 30 ದಿನ. ಪೂರ್ತಿ ಅಳಿಸೋಕೆ ಫೋನ್ 40 ದಿನದವರೆಗೂ ತಗೋಬಹುದು ಅಂತ ಆ್ಯಪಲ್ ಹೇಳುತ್ತೆ, ಆದರೆ ಆ ಹತ್ತು ದಿನವನ್ನು ನಂಬಿಕೊಂಡು ಕೂರಬೇಡಿ. ಕಳಿಸಿದವರೇ ಎರಡು ನಿಮಿಷದೊಳಗೆ ಅನ್‌ಸೆಂಡ್ ಮಾಡಿದ ಐಮೆಸೇಜ್ ಈ ಬುಟ್ಟಿಗೆ ಬೀಳೋದಿಲ್ಲ.

ಬುಟ್ಟಿಯಲ್ಲೂ ಇಲ್ಲ ಅಂದಾಗ ಜನ ಮಾಡುವ ಮುಂದಿನ ಕೆಲಸ, ಮೆಸೇಜ್ ರಿಕವರಿ ಆ್ಯಪ್ ಹುಡುಕಿ ಹಾಕಿಕೊಳ್ಳೋದು. ದಯವಿಟ್ಟು ಬೇಡ. ಯಾಕೆ ಬೇಡ ಅನ್ನೋದನ್ನು ಸ್ವಲ್ಪ ನಿಧಾನವಾಗಿಯೇ ಹೇಳ್ತೀವಿ, ಏಕೆಂದರೆ ಇದು ಅರ್ಥವಾದರೆ ದುಡ್ಡೂ ಉಳಿಯುತ್ತೆ, ಮಾಹಿತಿಯೂ ಉಳಿಯುತ್ತೆ.

ಆಂಡ್ರಾಯ್ಡ್‌ನಲ್ಲಿ ಎಸ್ಎಂಎಸ್‌ಗಳೆಲ್ಲ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲ್‌ನಲ್ಲಿ ಸಾಲುಸಾಲಾಗಿ ಇರುತ್ತವೆ. ಎಸ್‌ಕ್ಯೂಲೈಟ್ ಅಂದರೆ ಮಾಹಿತಿಯನ್ನು ಕೋಷ್ಟಕದ ಹಾಗೆ ಜೋಡಿಸಿಡುವ ಪ್ರೋಗ್ರಾಂ. ಸಾಲೊಂದನ್ನು ಅಳಿಸಿದಾಗ ಎಸ್‌ಕ್ಯೂಲೈಟ್ ಸಾಮಾನ್ಯವಾಗಿ ಅಕ್ಷರಗಳನ್ನು ಒರೆಸೋದಿಲ್ಲ, ಈ ಜಾಗ ಖಾಲಿ ಅಂತ ಗುರುತು ಹಾಕಿ ಬಿಡುತ್ತೆ. ಹೊಸ ಮೆಸೇಜ್ ಬಂದು ಅದೇ ಜಾಗದಲ್ಲಿ ಕೂತಾಗ ಹಳೆಯದು ಹೋಗುತ್ತೆ. ಡಿಲೀಟ್ ಆದರೂ ಫೋನಲ್ಲೇ ಇರುತ್ತೆ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ. ಮಾತು ಸುಳ್ಳಲ್ಲ, ಅರ್ಧ ನಿಜ. ಸೆಕ್ಯೂರ್ ಡಿಲೀಟ್ ಅನ್ನುವ ಆಯ್ಕೆ ಆನ್ ಇದ್ದರೆ ಅದೇ ಎಸ್‌ಕ್ಯೂಲೈಟ್ ಆ ಜಾಗವನ್ನು ಸೊನ್ನೆಗಳಿಂದ ತುಂಬಿಬಿಡುತ್ತೆ. ಆಟೋ ವ್ಯಾಕ್ಯೂಮ್ ಆನ್ ಇದ್ದರೆ ಖಾಲಿಯಾದ ಪುಟಗಳನ್ನು ಕತ್ತರಿಸಿ ಫೈಲನ್ನೇ ಚಿಕ್ಕದು ಮಾಡುತ್ತೆ. ಕತ್ತರಿಸಿ ಬಿಟ್ಟ ಭಾಗವನ್ನು ಫ್ಲ್ಯಾಶ್ ಮೆಮೊರಿ ತನ್ನ ಪಾಡಿಗೆ ಸ್ವಚ್ಛ ಮಾಡಿಕೊಳ್ಳುತ್ತೆ.

ಅದೃಷ್ಟ ಚೆನ್ನಾಗಿದ್ದು ಆ ಚೂರು ಉಳಿದಿದೆ ಅಂತಲೇ ಇಟ್ಟುಕೊಳ್ಳಿ. ಅದನ್ನು ಓದೋರು ಯಾರು? ಆ ಫೈಲ್ ಇರೋದು ಸಿಸ್ಟಮ್‌ನ ಖಾಸಗಿ ಫೋಲ್ಡರ್‌ನಲ್ಲಿ. ಸ್ಟೋರಿನಿಂದ ಹಾಕಿಕೊಂಡ ಆ್ಯಪ್ ಅದರೊಳಗೆ ಇಣುಕೋಕೂ ಆಗೋದಿಲ್ಲ. ನೀವು ಎಸ್ಎಂಎಸ್ ಅನುಮತಿ ಕೊಟ್ಟಿರಿ ಅನ್ನಿ, ಆಗಲೂ ಆ್ಯಪ್ ನೇರವಾಗಿ ಫೈಲ್ ತೆರೆಯೋದಿಲ್ಲ. ಸಿಸ್ಟಮ್ ಅನ್ನು ಕೇಳುತ್ತೆ, ಸಿಸ್ಟಮ್ ಪಟ್ಟಿ ಕೊಡುತ್ತೆ. ಆ ಪಟ್ಟಿಯಲ್ಲಿ ಈಗ ಇರುವ ಮೆಸೇಜ್ ಮಾತ್ರ ಇರುತ್ತೆ. ಅಳಿದ ಸಾಲು ಅದರಲ್ಲಿ ಬರೋದೇ ಇಲ್ಲ. ಹಾಗಾಗಿ ಸ್ಕ್ಯಾನ್ ಅಂತ ಗಿರಗಿರ ತಿರುಗಿಸಿ, ಇಷ್ಟು ಮೆಸೇಜ್ ಸಿಕ್ಕಿದೆ, ತೆರೆಯೋಕೆ ಹಣ ಕಟ್ಟಿ ಅಂದರೆ, ಅಲ್ಲಿ ತೋರಿಸ್ತಿರೋದು ನಿಮ್ಮ ಇನ್‌ಬಾಕ್ಸ್‌ನಲ್ಲಿ ಈಗಲೂ ಇರುವ ಮೆಸೇಜ್‌ಗಳನ್ನೇ. ಅದರ ಮೇಲೆ, ನಿಮ್ಮ ಓಟಿಪಿಗಳನ್ನೆಲ್ಲ ಓದುವ ಅಧಿಕಾರವನ್ನು ಗುರುತು ಪರಿಚಯ ಇಲ್ಲದವರ ಕೈಗೆ ಕೊಟ್ಟ ಹಾಗಾಯ್ತು.

ಇನ್ನು ಕಂಪ್ಯೂಟರ್‌ನಲ್ಲಿ ನಡೆಸುವ ರಿಕವರಿ ಸಾಫ್ಟ್‌ವೇರ್‌ಗಳು. ಇವು ಫೋನ್ ರೂಟ್ ಮಾಡಿ, ಅಂದರೆ ಸಿಸ್ಟಮ್‌ನ ಖಾಸಗಿ ಫೈಲ್ ಮುಟ್ಟುವ ಪೂರ್ತಿ ಅಧಿಕಾರ ತೆರೆದುಕೊಡಿ, ಅಂತ ಕೇಳ್ತವೆ. ರೂಟ್ ಮಾಡೋಕೆ ಬಹುತೇಕ ಫೋನ್‌ಗಳಲ್ಲಿ ಮೊದಲು ಬೂಟ್‌ಲೋಡರ್, ಅಂದರೆ ಫೋನ್ ಆನ್ ಆದಾಗ ಸಿಸ್ಟಮ್ ಅನ್ನು ಶುರು ಮಾಡುವ ಪ್ರೋಗ್ರಾಂ, ಅನ್‌ಲಾಕ್ ಮಾಡಬೇಕು. ಬೂಟ್‌ಲೋಡರ್ ಅನ್‌ಲಾಕ್ ಆದ ಕ್ಷಣವೇ ಫೋನ್ ತನ್ನೊಳಗಿನ ಮಾಹಿತಿ ಪೂರ್ತಿ ಅಳಿಸುತ್ತೆ. ಕದ್ದವರು ಒಳಗಿನದನ್ನು ಓದಬಾರದು ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ. ಆಂಡ್ರಾಯ್ಡ್ 10ರಿಂದ ಈಚೆಗೆ ಬಂದ ಫೋನ್‌ಗಳಲ್ಲಿ ಫೈಲ್‌ಗಳೆಲ್ಲ ಎನ್‌ಕ್ರಿಪ್ಟ್ ಆಗಿರೋದು, ಅಂದರೆ ಕೀಲಿ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರೋದು, ಕಡ್ಡಾಯ. ಫೋನ್ ಹಾಗೆ ಅಳಿಸುವಾಗ ಆ ಬೀಗದ ಕೀಲಿಯೇ ನಾಶ ಆದಮೇಲೆ, ಮೆಮೊರಿ ಚಿಪ್ ಬಿಚ್ಚಿ ಓದಿದರೂ ಸಿಗೋದು ಅರ್ಥವಿಲ್ಲದ ಬೈಟ್‌ಗಳು. ಒಂದು ಮೆಸೇಜ್ ಹುಡುಕೋಕೆ ಹೋಗಿ ಇದ್ದ ಫೋಟೋ, ಇದ್ದ ಮೆಸೇಜ್ ಎಲ್ಲ ಕಳಕೊಳ್ಳುವ ದಾರಿ ಇದು. ಮೊದಲೇ ರೂಟ್ ಆಗಿರುವ ಫೋನ್ ಇದ್ದರೆ ಮಾತು ಬೇರೆ. ಅಂಥವರು ಡೇಟಾಬೇಸ್ ಫೈಲ್ ಜೊತೆಗೆ ಅದೇ ಹೆಸರಿನ, ಕೊನೆಯಲ್ಲಿ ಡಬ್ಲ್ಯುಎಎಲ್ ಅಂತಿರುವ ಫೈಲನ್ನೂ ನಕಲು ಮಾಡಿಕೊಳ್ಳಿ. ಇತ್ತೀಚಿನ ಬದಲಾವಣೆಗಳು ಇನ್ನೂ ಅದರಲ್ಲೇ ಇರುತ್ತವೆ. ಫೈಲನ್ನು ಬೈಟ್ ಬೈಟಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಕನ್ನಡ ಮೆಸೇಜ್ ಹುಡುಕೋದಾದರೆ ಇ0 ಬಿ2 ಮತ್ತು ಇ0 ಬಿ3 ಬೈಟ್ ಜೋಡಿಗಳನ್ನು ಹುಡುಕಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್ 8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಸಂಕೇತಕ್ಕೂ ಮೂರು ಬೈಟ್, ಶುರುವಾಗೋದು ಈ ಎರಡರಲ್ಲಿ ಒಂದರಿಂದ.

ಹಾಗಾದರೆ ದಾರಿ ಯಾವುದು? ಅಳಿದದ್ದನ್ನು ಅಗೆದು ತೆಗೆಯೋದನ್ನು ಬಿಟ್ಟು, ಅದರ ಇನ್ನೊಂದು ಪ್ರತಿ ಎಲ್ಲಿದೆ ಅಂತ ಹುಡುಕೋದು.

ಎಲ್ಲಕ್ಕಿಂತ ಸುಲಭದ ಪ್ರತಿ ಮೆಸೇಜ್ ಕಳಿಸಿದವರ ಫೋನಲ್ಲಿದೆ. ನೀವು ಅಳಿಸಿದ್ದು ನಿಮ್ಮ ಪ್ರತಿಯನ್ನಷ್ಟೇ. ಕೇಳೋಕೆ ಸಂಕೋಚ ಬೇಡ, ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ನೆಟ್‌ವರ್ಕ್ ಕಂಪನಿಯಿಂದ ಸಿಗಬಹುದು ಅಂತ ಆಸೆ ಇಟ್ಟುಕೊಳ್ಳಬೇಡಿ. ಯಾರಿಂದ ಯಾರಿಗೆ, ಯಾವ ಹೊತ್ತಿಗೆ ಹೋಯ್ತು ಅನ್ನೋದು ಅವರ ದಾಖಲೆಯಲ್ಲಿರುತ್ತೆ. ಒಳಗಿನ ಬರಹವನ್ನು ಗ್ರಾಹಕರಿಗೆ ತೆಗೆದುಕೊಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ.

ಕಳೆದ ಒಂದು ದಿನದೊಳಗೆ ಬಂದ ಮೆಸೇಜ್ ಆದರೆ ನೋಟಿಫಿಕೇಶನ್ ಹಿಸ್ಟರಿ ನೋಡಿ. ಆಂಡ್ರಾಯ್ಡ್ 11ರಿಂದ ಇದೆ, ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ಸ್ ಒಳಗೆ. ಮೊದಲೇ ಆನ್ ಇರಬೇಕು, ಉಳಿಯೋದು 24 ಗಂಟೆ ಮಾತ್ರ, ಉದ್ದದ ಮೆಸೇಜ್ ಪೂರ್ತಿ ಕಾಣದೆಯೂ ಇರಬಹುದು.

ಮ್ಯಾಕ್ ಕಂಪ್ಯೂಟರ್ ಅಥವಾ ಐಪ್ಯಾಡ್‌ನಲ್ಲೂ ನಿಮ್ಮ ಮೆಸೇಜ್ ಬರ್ತಾ ಇದ್ದರೆ ಒಂದು ಒಳ್ಳೆ ಅವಕಾಶ ಇದೆ, ಒಂದು ಅಪಾಯವೂ ಇದೆ. ಮೆಸೇಜಸ್ ಇನ್ ಐಕ್ಲೌಡ್ ಅನ್ನೋದು ಬ್ಯಾಕಪ್ ಅಲ್ಲ, ಸಿಂಕ್. ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಯುತ್ತೆ. ಮ್ಯಾಕ್ ಮುಚ್ಚಿ ಇಟ್ಟಿದ್ದು, ಇನ್ನೂ ನೆಟ್‌ಗೆ ಸೇರಿಲ್ಲ ಅಂದರೆ ಅದಕ್ಕೆ ಅಳಿಸಿದ ಸುದ್ದಿ ತಲುಪಿರೋದಿಲ್ಲ. ಮೊದಲು ಮನೆಯ ರೌಟರ್ ಆಫ್ ಮಾಡಿ, ಆಮೇಲೆ ಮ್ಯಾಕ್ ತೆರೆಯಿರಿ. ನಿಮ್ಮ ಯೂಸರ್ ಫೋಲ್ಡರ್‌ನ ಲೈಬ್ರರಿ ಒಳಗೆ ಮೆಸೇಜಸ್ ಅನ್ನುವ ಫೋಲ್ಡರ್ ಇದೆ. ಅದರಲ್ಲಿ ಚಾಟ್ ಡಾಟ್ ಡಿಬಿ, ಅದರ ಜೊತೆಗಿರುವ ಡಬ್ಲ್ಯುಎಎಲ್, ಎಸ್ಎಚ್ಎಂ, ಈ ಮೂರೂ ಫೈಲ್ ಒಟ್ಟಿಗೆ ನಕಲು ಮಾಡಿ ಬೇರೆ ಕಡೆ ಇಡಿ. ಒಂದನ್ನೇ ಎತ್ತಿಕೊಂಡರೆ ಕೊನೆಗೆ ಬಂದ ಮೆಸೇಜ್‌ಗಳು ತಪ್ಪಿಹೋಗಬಹುದು.

ಈಗ ಬ್ಯಾಕಪ್. ಬಹಳ ಜನ ಎಡವೋದು ಇಲ್ಲೇ. ಗೂಗಲ್ ಬ್ಯಾಕಪ್‌ನಿಂದ ಎಸ್ಎಂಎಸ್ ವಾಪಸ್ ಬರೋದು ಫೋನನ್ನು ಹೊಸದಾಗಿ ಸೆಟಪ್ ಮಾಡುವಾಗ. ಅದಕ್ಕೆ ಎಲ್ಲರೂ ಹೇಳೋದು, ಫ್ಯಾಕ್ಟರಿ ರೀಸೆಟ್ ಮಾಡಿ ಅಂತ. ನಮ್ಮ ಮಾತು, ನಿಮ್ಮ ಫೋನ್ ರೀಸೆಟ್ ಮಾಡಲೇಬೇಡಿ. ಮನೆಯಲ್ಲಿ ಬಳಸದೆ ಬಿದ್ದಿರುವ ಹಳೆಯ ಆಂಡ್ರಾಯ್ಡ್ ಫೋನ್ ಇದ್ದರೆ ಅದನ್ನು ರೀಸೆಟ್ ಮಾಡಿ, ನಿಮ್ಮ ಗೂಗಲ್ ಖಾತೆ ಹಾಕಿ ಸೆಟಪ್ ಶುರು ಮಾಡಿ. ಬ್ಯಾಕಪ್‌ಗಳ ಪಟ್ಟಿ ಬರುತ್ತೆ, ಪಕ್ಕದಲ್ಲಿ ದಿನಾಂಕ ಇರುತ್ತೆ. ಮೆಸೇಜ್ ಬಂದ ಮೇಲಿನ, ಡಿಲೀಟ್ ಆಗೋ ಮುಂಚಿನ ದಿನಾಂಕ ಅದಾಗಿದ್ದರೆ ಮಾತ್ರ ಮುಂದುವರಿಯಿರಿ. ಮೊದಲಿನ ಫೋನಿನ ಪಿನ್ ಅಥವಾ ಪ್ಯಾಟರ್ನ್ ಕೇಳುತ್ತೆ, ಬ್ಯಾಕಪ್‌ಗೆ ಬೀಗ ಹಾಕಿರೋದು ಅದರಿಂದಲೇ. ಹಳೆಯ ಫೋನಿನ ಆಂಡ್ರಾಯ್ಡ್ ಆವೃತ್ತಿ ನಿಮ್ಮ ಫೋನಿನದಕ್ಕಿಂತ ಕೆಳಗಿದ್ದರೆ ಈ ದಾರಿ ನಡೆಯೋದಿಲ್ಲ, ಮೇಲಿನ ಆವೃತ್ತಿಯ ಬ್ಯಾಕಪ್ ಕೆಳಗಿನದಕ್ಕೆ ಇಳಿಯೋದಿಲ್ಲ. ಇನ್ನೊಂದು ಗಡುವೂ ಇದೆ: 57 ದಿನ ಬಳಸದೆ ಬಿಟ್ಟ ಫೋನಿನ ಬ್ಯಾಕಪ್ ಅನ್ನು ಗೂಗಲ್ ಅಳಿಸಬಹುದು.

ಮೆಸೇಜ್ ಹಳೆಯ ಫೋನಿಗೆ ಬಂತು ಅಂದುಕೊಳ್ಳಿ. ಅದನ್ನು ನಿಮ್ಮ ಫೋನಿಗೆ ದಾಟಿಸೋಕೆ ಎಸ್ಎಂಎಸ್ ಬ್ಯಾಕಪ್ ಅಂಡ್ ರಿಸ್ಟೋರ್ ಆ್ಯಪ್ ಚೆನ್ನಾಗಿದೆ. ಹಳೆಯ ಫೋನಲ್ಲಿ ಹಾಕಿ ಬ್ಯಾಕಪ್ ಮಾಡಿದರೆ ಒಂದು ಎಕ್ಸ್ಎಂಎಲ್ ಫೈಲ್ ಸಿಗುತ್ತೆ. ಅದನ್ನು ನಿಮ್ಮ ಫೋನಿಗೆ ಕಳಿಸಿ, ಅಲ್ಲೂ ಅದೇ ಆ್ಯಪ್‌ನಿಂದ ರಿಸ್ಟೋರ್ ಮಾಡಿ. ಆಗ ಅದು ತನ್ನನ್ನು ತಾತ್ಕಾಲಿಕವಾಗಿ ಡೀಫಾಲ್ಟ್ ಎಸ್ಎಂಎಸ್ ಆ್ಯಪ್ ಮಾಡಿ ಅಂತ ಕೇಳುತ್ತೆ. ಇದರಲ್ಲಿ ಅನುಮಾನ ಪಡುವಂಥದ್ದಿಲ್ಲ. ಆಂಡ್ರಾಯ್ಡ್ 4.4ರಿಂದ ಈಚೆಗೆ ಡೀಫಾಲ್ಟ್ ಆ್ಯಪ್ ಬಿಟ್ಟು ಬೇರೆ ಯಾರಿಗೂ ಮೆಸೇಜ್ ಪೆಟ್ಟಿಗೆಗೆ ಬರೆಯುವ ಹಕ್ಕಿಲ್ಲ. ಇಂಟರ್ನೆಟ್ ಮೂಲಕ ಹೋಗುವ ಆರ್‌ಸಿಎಸ್ ಚಾಟ್‌ಗಳು ಈ ಫೈಲ್‌ನಲ್ಲಿ ಬಿಟ್ಟುಹೋಗಿರಬಹುದು, ನೋಡಿಕೊಳ್ಳಿ. ಸ್ಯಾಮ್‌ಸಂಗ್ ಬಳಸುವವರಿಗೆ ಇಷ್ಟು ಸುತ್ತಾಟವೂ ಬೇಡ. ಸ್ಯಾಮ್‌ಸಂಗ್ ಕ್ಲೌಡ್ ಅಥವಾ ಸ್ಮಾರ್ಟ್ ಸ್ವಿಚ್‌ನಲ್ಲಿ ಬ್ಯಾಕಪ್ ಇದ್ದರೆ, ಮೆಸೇಜಸ್ ಒಂದಕ್ಕೇ ಟಿಕ್ ಹಾಕಿ ರೀಸೆಟ್ ಇಲ್ಲದೆ ವಾಪಸ್ ತರಬಹುದು.

ಐಫೋನ್‌ಗೆ ಬಂದರೆ, ಮೆಸೇಜಸ್ ಇನ್ ಐಕ್ಲೌಡ್ ಆನ್ ಇದ್ದವರ ಐಕ್ಲೌಡ್ ಬ್ಯಾಕಪ್‌ನಲ್ಲಿ ಮೆಸೇಜ್ ಇರೋದೇ ಇಲ್ಲ. ಇದು ಗೊತ್ತಿಲ್ಲದೆ ಫೋನ್ ಪೂರ್ತಿ ಅಳಿಸಿ ರಿಸ್ಟೋರ್ ಮಾಡಿ ಕೊನೆಗೆ ಬರಿಗೈಯಲ್ಲಿ ಕೂರೋದನ್ನು ನೋಡಿದರೆ ಸಂಕಟ ಆಗುತ್ತೆ. ಅಳಿಸುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಮೇಲಿರುವ ನಿಮ್ಮ ಹೆಸರು ಒತ್ತಿ, ಐಕ್ಲೌಡ್‌ನಲ್ಲಿ ಮೆಸೇಜಸ್ ಸಿಂಕ್ ಆನ್ ಇದೆಯಾ ನೋಡಿ.

ಕಂಪ್ಯೂಟರ್‌ನಲ್ಲಿ ಫೈಂಡರ್ ಅಥವಾ ಐಟ್ಯೂನ್ಸ್ ಮೂಲಕ ಮಾಡಿದ ಬ್ಯಾಕಪ್ ಇದ್ದರೆ ಅದು ನಿಜವಾದ ನಿಧಿ. ಫೋನ್ ಜೋಡಿಸಿದ ಕೂಡಲೇ ಹೊಸ ಬ್ಯಾಕಪ್ ಶುರುವಾಗಿ ಹಳೆಯದನ್ನು ಮಾರ್ಪಡಿಸಬಹುದು, ಹಾಗಾಗಿ ಫೋನ್ ಜೋಡಿಸದೆಯೇ ಆ ಫೋಲ್ಡರನ್ನು ನಕಲು ಮಾಡಿ. ಮ್ಯಾಕ್‌ನಲ್ಲಿ ಅದು ಲೈಬ್ರರಿ, ಅಪ್ಲಿಕೇಶನ್ ಸಪೋರ್ಟ್, ಮೊಬೈಲ್‌ಸಿಂಕ್, ಬ್ಯಾಕಪ್ ಅನ್ನುವ ದಾರಿಯಲ್ಲಿದೆ. ಬ್ಯಾಕಪ್‌ಗೆ ಎನ್‌ಕ್ರಿಪ್ಶನ್ ಹಾಕಿಲ್ಲದಿದ್ದರೆ ಫೋನನ್ನು ಮುಟ್ಟುವ ಅಗತ್ಯವೇ ಇಲ್ಲ. ಒಳಗೆ 3ಡಿ ಅನ್ನುವ ಫೋಲ್ಡರ್, ಅದರಲ್ಲಿ 3ಡಿ0ಡಿ7ಇ5ಎಫ್‌ಬಿ ಅಂತ ಶುರುವಾಗುವ ಫೈಲ್. ಅದೇ ಮೆಸೇಜ್ ಡೇಟಾಬೇಸ್. ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಅದರ ನಕಲನ್ನು ತೆರೆದು, ಮೆಸೇಜ್ ಅನ್ನುವ ಟೇಬಲ್ ನೋಡಿ. ಟೆಕ್ಸ್ಟ್ ಕಾಲಂ ಖಾಲಿ ಇದೆ ಅಂತ ಕೈಬಿಡಬೇಡಿ. ಈಚಿನ ಆವೃತ್ತಿಗಳಲ್ಲಿ ಎಷ್ಟೋ ಮೆಸೇಜ್‌ಗಳ ಬರಹ ಆಟ್ರಿಬ್ಯೂಟೆಡ್ ಬಾಡಿ ಅನ್ನುವ ಕಾಲಂನಲ್ಲಿ ಕೂತಿರುತ್ತೆ. ದಿನಾಂಕದ ಜಾಗದಲ್ಲಿ ಕಾಣುವ ಉದ್ದನೆಯ ಸಂಖ್ಯೆ 2001ರ ಜನವರಿ 1ರಿಂದ ಎಣಿಸಿದ ನ್ಯಾನೋಸೆಕೆಂಡ್. ಅದನ್ನು ನೂರು ಕೋಟಿಯಿಂದ ಭಾಗಿಸಿ 978307200 ಕೂಡಿಸಿದರೆ ಸಾಮಾನ್ಯ ಯುನಿಕ್ಸ್ ಸಮಯ, ಅಂದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡ್, ಸಿಗುತ್ತೆ.

ಮೆಸೇಜ್ ಕೈಗೆ ಬಂದ ಮೇಲೂ ಎರಡು ಕೆಲಸ ಬಾಕಿ ಇರುತ್ತೆ. ಐಫೋನ್‌ನ ಮೆಸೇಜಸ್ ಸೆಟ್ಟಿಂಗ್ಸ್‌ನಲ್ಲಿ ಕೀಪ್ ಮೆಸೇಜಸ್ ಅನ್ನೋದು 30 ದಿನ ಅಥವಾ ಒಂದು ವರ್ಷ ಅಂತಿದ್ದರೆ ಫಾರೆವರ್ ಮಾಡಿ, ಇಲ್ಲದಿದ್ದರೆ ತಂದ ಹಳೆಯ ಮೆಸೇಜ್ ಮತ್ತೆ ಅಳಿಯುತ್ತೆ. ಆಂಡ್ರಾಯ್ಡ್‌ನವರು ರಿಸ್ಟೋರ್ ಮುಗಿದ ತಕ್ಷಣ ಡೀಫಾಲ್ಟ್ ಎಸ್ಎಂಎಸ್ ಆ್ಯಪ್ ಅನ್ನು ಮೊದಲಿನದಕ್ಕೇ ಬದಲಿಸಿ. ಬ್ಯಾಕಪ್ ಆ್ಯಪ್ ಡೀಫಾಲ್ಟ್ ಆಗಿಯೇ ಉಳಿದರೆ ಆಮೇಲೆ ಬರುವ ಮೆಸೇಜ್‌ಗಳು ನಿಮಗೆ ಕಾಣದೆ ಹೋಗಬಹುದು. ಅದಾದ ಮೇಲೆ ವೈಫೈ ಆನ್ ಮಾಡಿ.